ಗಾಡಿಯ ಟ್ಯಾಂಕಿನಲ್ಲಿ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಮುಂಗಾರಿನ ಎರಡು ದೊಡ್ಡ ಮಳೆ ಬಿದ್ದವೆಂದರೆ ಗ್ಯಾರೇಜಿನ ಫೋನಿಗೆ ಬಿಡುವಿಲ್ಲ. "ನಿನ್ನೆ ಫುಲ್ ಟ್ಯಾಂಕ್ ಮಾಡಿಸಿದೆ, ಇವತ್ತು ಗಾಡಿ ಜರ್ಕ್ ಹೊಡೀತಿದೆ" ಅನ್ನುವ ಮಾತು ಗೋಕುಲ ರಸ್ತೆಯಿಂದಲೂ ಬರುತ್ತದೆ, ನವಲಗುಂದದಿಂದಲೂ ಬರುತ್ತದೆ. ಗಿರಾಕಿಗಳು ಎದುರಿಗೆ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಬರೆದು ಕಳಿಸಿದ್ದು ಎಲ್ಲವನ್ನೂ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ.

ಅವಸರದಲ್ಲಿ ಇರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅನುಮಾನ ಬಂದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ನೀರು ಟ್ಯಾಂಕಿನಲ್ಲೇ ಇದ್ದರೆ ಸಣ್ಣ ಕೆಲಸ. ಇಂಜೆಕ್ಟರ್‌ವರೆಗೆ, ಅಂದರೆ ಇಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಭಾಗದವರೆಗೆ, ಹೋದರೆ ದೊಡ್ಡ ಕೆಲಸ.

## ಮೊದಲು ತಿಳಿದಿರಬೇಕಾದದ್ದು

ಟ್ಯಾಂಕಿನಲ್ಲಿ ನೀರು ಹೊಕ್ಕಿದೆ ಅಂತ ಗೊತ್ತಾಗೋದು ಹೇಗ್ರಿ?

ಪೆಟ್ರೋಲ್ ಅಥವಾ ಡೀಸೆಲ್ ಹಾಕಿಸಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಜರ್ಕ್ ಹೊಡೆಯಲು ಶುರು ಮಾಡುತ್ತದೆ. ಮಿಸ್ಸಿಂಗ್ ಇರುತ್ತದೆ, ಪಿಕಪ್ ಇರುವುದಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗುತ್ತದೆ. ಆಮೇಲೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಪಂಪಿನಿಂದ ಹೊರಟ ಕೂಡಲೇ ಏನೂ ಆಗದೆ ಇರಬಹುದು. ಪೈಪಿನಲ್ಲಿ ಉಳಿದ ಹಳೆ ಪೆಟ್ರೋಲ್ ಮುಗಿಯುವವರೆಗೆ ಇಂಜಿನ್ ಚೆನ್ನಾಗೇ ಓಡುತ್ತದೆ.

ಪ್ಲಗ್, ಕಾಯಿಲ್ ಹೋದರೂ, ಫಿಲ್ಟರ್ ಕಟ್ಟಿಕೊಂಡರೂ ಲಕ್ಷಣ ಇವೇ. ಹಾಗಾಗಿ ಲಕ್ಷಣಕ್ಕಿಂತ ಹೊತ್ತು ಮುಖ್ಯ. ತೊಂದರೆ ಶುರುವಾದದ್ದು ಎಣ್ಣೆ ಹಾಕಿಸಿದ ಮೇಲಾ? ಜೋರು ಮಳೆಯಲ್ಲಿ ಹೊರಗೆ ನಿಲ್ಲಿಸಿದ ಮೇಲಾ? ಗಾಡಿ ತೊಳೆಸಿದ ಮೇಲಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಒಂದೆರಡು ಹನಿ ನೀರಿಗೆ ಇಷ್ಟೊಂದು ಹೆದರಬೇಕಾ?

ಒಂದೆರಡು ಹನಿಗೆ ಹೆದರಬೇಕಾಗಿಲ್ಲ. ಸೇರಿಕೊಂಡು ಪದರ ಕಟ್ಟಿದ ನೀರಿಗೆ ಹೆದರಬೇಕು. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ, ಡೀಸೆಲ್ ಸುಮಾರು 830, ನೀರು 1000. ಭಾರವಾದ ನೀರು ತಳ ಹಿಡಿಯುತ್ತದೆ. ಟ್ಯಾಂಕಿನ ಪಂಪ್ ಹೀರುವುದೂ ತಳದಿಂದಲೇ. 40 ಲೀಟರ್ ಒಳ್ಳೆ ಪೆಟ್ರೋಲ್ ಮೇಲೆ ಇದ್ದರೂ ಇಂಜಿನ್‌ಗೆ ಮೊದಲು ಹೋಗುವುದು ಕೆಳಗಿನ ನೀರು.

ಪೆಟ್ರೋಲ್ ಗಾಡಿಗೆ ಜಾಸ್ತಿ ಅಪಾಯನಾ, ಡೀಸೆಲ್ ಗಾಡಿಗಾ?

ಡೀಸೆಲ್‌ಗೆ. ಪೆಟ್ರೋಲ್ ಗಾಡಿ ಸಾಮಾನ್ಯವಾಗಿ ನಿಂತುಬಿಡುತ್ತದೆ, ತೊಳೆದರೆ ಮತ್ತೆ ಓಡುತ್ತದೆ. ಡೀಸೆಲ್ ಗಾಡಿಯಲ್ಲಿ ಹೈಪ್ರೆಶರ್ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಜಾರಿಕೆ ಕೊಡುತ್ತದೆ. ಅವುಗಳ ಒಳಗೆ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೆಲವೇ ಮೈಕ್ರಾನ್ ಜಾಗ, ಒತ್ತಡ 1600 ಬಾರ್‌ಗೂ ಮೇಲೆ. ಅಲ್ಲಿಗೆ ಡೀಸೆಲ್ ಬದಲು ನೀರು ಬಂದರೆ ಜಾರಿಕೆ ಹೋಗಿ ಲೋಹ ಉಜ್ಜುತ್ತದೆ. ಇಂಜೆಕ್ಟರ್ ತುದಿಯ ಬಿಸಿಗೆ ನೀರು ತಟ್ಟನೆ ಆವಿಯಾಗಿ ತುದಿಯನ್ನೇ ಒಡೆಯಬಹುದು. ಅನೇಕ ಗಾಡಿಗಳಲ್ಲಿ ಒಂದೊಂದು ಇಂಜೆಕ್ಟರ್ ಬೆಲೆ ಹತ್ತು ಸಾವಿರ ದಾಟುತ್ತದೆ. ಅಂಥವು ನಾಲ್ಕು ಇರುತ್ತವೆ.

ನಾನೇನೂ ನೀರು ಹಾಕಿಲ್ಲ. ಮತ್ತೆ ಎಲ್ಲಿಂದ ಬಂತು?

ಹೆಚ್ಚಾಗಿ ನಾಲ್ಕು ದಾರಿ. ಪಂಪಿನ ನೆಲದೊಳಗಿನ ಟ್ಯಾಂಕಿಗೆ ಮಳೆನೀರು ಇಳಿದಿರುತ್ತದೆ. ನಿಮ್ಮ ಟ್ಯಾಂಕ್ ಮುಚ್ಚಳದ ರಬ್ಬರ್ ಸೀಳಿರುತ್ತದೆ. ಮುಚ್ಚಳದ ಸುತ್ತ ನಿಂತ ನೀರು ಹೊರಗೆ ಹೋಗಲು ಒಂದು ಸಣ್ಣ ತೂತು ಇರುತ್ತದೆ, ಅದು ಮಣ್ಣು ಕಟ್ಟಿರುತ್ತದೆ. ಇಲ್ಲವೇ ಕ್ಯಾನ್, ಡ್ರಮ್ಮಿನಿಂದ ಹಾಕಿದ ಎಣ್ಣೆಯಲ್ಲೇ ನೀರು ಇರುತ್ತದೆ.

ಮುಚ್ಚಳ ಮತ್ತು ತೂತನ್ನು ಇವತ್ತೇ ನೋಡಿಬಿಡಿ. ಫ್ಲಾಪ್ ತೆಗೆದು ಒಂದು ಲೋಟ ನೀರು ಸುರಿಯಿರಿ, ಮುಚ್ಚಳ ಬಿಗಿಯಾಗಿ ಹಾಕಿರಲಿ. ನೀರು ಸರಾಗವಾಗಿ ಕೆಳಗೆ ಇಳಿದು ನೆಲಕ್ಕೆ ಬಿದ್ದರೆ ಸರಿ. ಅಲ್ಲೇ ನಿಂತರೆ ತಂತಿಯಿಂದ ತೂತು ಬಿಡಿಸಿ. ನಮ್ಮ ಎರೆಮಣ್ಣಿನ ರಸ್ತೆಗಳಲ್ಲಿ ಓಡುವ ಗಾಡಿಗಳಲ್ಲಿ ಈ ತೂತು ಬೇಗ ಕಟ್ಟುತ್ತದೆ.

ಮಳೆಗಾಲದಲ್ಲಿ ಟ್ಯಾಂಕ್ ಫುಲ್ ಇಟ್ಟರೆ ಒಳಗೆ ಹನಿಗಟ್ಟಲ್ಲ ಅಂತಾರೆ, ಖರೇನಾ?

ಮಾತು ಖರೆ, ಆದರೆ ಅದಕ್ಕೆ ಕೊಡುವ ಮಹತ್ವ ಜಾಸ್ತಿ ಆಯಿತು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಎಷ್ಟೇ ತೇವ ಕುಡಿದರೂ ಅದರಲ್ಲಿರುವ ನೀರು ಸುಮಾರು 30 ಗ್ರಾಂ. ನಿಮ್ಮ ಟ್ಯಾಂಕಿನಲ್ಲಿ 40 ಲೀಟರ್ ಜಾಗ ಖಾಲಿ ಇದ್ದರೆ ಆ ಗಾಳಿಯಲ್ಲಿ ಇರುವುದು ಒಂದು ಗ್ರಾಂ ಚಿಲ್ಲರೆ. ಅಷ್ಟೂ ಹನಿಗಟ್ಟಿದರೂ ಅರ್ಧ ಚಮಚ ಆಗುವುದಿಲ್ಲ. ದಿನಾ ಓಡುವ ಕಾರಿಗೆ ಇದು ಲೆಕ್ಕಕ್ಕಿಲ್ಲ. ತಿಂಗಳುಗಟ್ಟಲೆ ಬಯಲಲ್ಲಿ ನಿಲ್ಲುವ ಗಾಡಿ, ಟ್ರ್ಯಾಕ್ಟರ್, ಡ್ರಮ್ಮುಗಳಿಗೆ ಮಾತ್ರ ಫುಲ್ ಇಡುವುದು ಒಳ್ಳೆಯದು. ಗಾಡಿ ನಿಲ್ಲುವಷ್ಟು ನೀರು ಸಿಕ್ಕಿತೆಂದರೆ ಅದು ಹೊರಗಿನಿಂದಲೇ ಬಂದದ್ದು.

ಇ20 ಬಂದ ಮೇಲೆ ಈ ತೊಂದರೆ ಹೆಚ್ಚಾಗಿದೆ ಅಂತಾರೆ. ಎಥೆನಾಲ್‌ಗೂ ನೀರಿಗೂ ಏನು ಸಂಬಂಧ?

20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟ ಶುರುವಾದದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಸಮಾರಂಭದಿಂದ. ಈಗ ಎಲ್ಲ ಕಡೆ ಅದೇ. ಈ ಎಥೆನಾಲ್ ಕಬ್ಬಿನಿಂದ, ಅಕ್ಕಿಯಿಂದ, ನಮ್ಮ ಹಾವೇರಿ ಕಡೆ ಬೆಳೆಯುವಂಥ ಗೋವಿನಜೋಳದಿಂದ ಆಗುತ್ತದೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಅದರ ಸ್ವಭಾವ ತಿಳಿದಿರಬೇಕು.

ಎಥೆನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಿದ್ದರೆ ಇದು ಉಪಕಾರವೇ, ಪೆಟ್ರೋಲ್ ಜೊತೆ ಕರಗಿ ಉರಿದು ಹೋಗುತ್ತದೆ. ಮಿತಿ ದಾಟಿದರೆ ಕಷ್ಟ. 10 ಪರ್ಸೆಂಟ್ ಮಿಶ್ರಣಕ್ಕೆ ಈ ಮಿತಿ ಸುಮಾರು ಅರ್ಧ ಪರ್ಸೆಂಟ್, ಅಂದರೆ 40 ಲೀಟರ್‌ಗೆ 200 ಮಿಲಿ. ಇ20 ಅದಕ್ಕಿಂತ ಸ್ವಲ್ಪ ಜಾಸ್ತಿ ತಡೆದುಕೊಳ್ಳುತ್ತದೆ. ಚಳಿ ಹೆಚ್ಚಾದಷ್ಟೂ ಮಿತಿ ಇಳಿಯುತ್ತದೆ. ಹಾಗಾಗಿ ರಾತ್ರಿ ಸರಿ ಇದ್ದ ಗಾಡಿ ಬೆಳಿಗ್ಗೆ ಸತಾಯಿಸುವುದುಂಟು.

ಮಿತಿ ದಾಟಿದಾಗ ನೀರು ಒಂದೇ ಕೆಳಗೆ ಇಳಿಯುವುದಿಲ್ಲ, ಎಥೆನಾಲ್ ಅನ್ನೂ ಎಳೆದುಕೊಂಡು ಇಳಿಯುತ್ತದೆ. 40 ಲೀಟರ್ ಇ20ಯಲ್ಲಿ 8 ಲೀಟರ್ ಎಥೆನಾಲ್ ಇರುತ್ತದೆ. ಮಿಲಿಲೀಟರ್ ಲೆಕ್ಕದ ನೀರು ತಳದಲ್ಲಿ ಲೀಟರ್ ಲೆಕ್ಕದ ಪದರವಾಗುವುದು ಹೀಗೆ. ಮೇಲೆ ಉಳಿದ ಪೆಟ್ರೋಲ್‌ಗೂ ಆಕ್ಟೇನ್, ಅಂದರೆ ಹೊತ್ತಿಗೆ ಮೊದಲೇ ಉರಿಯದಂತೆ ತಡೆಯುವ ಗುಣ, ಕಡಿಮೆ ಆಗಿರುತ್ತದೆ. ಕೆಳಗಿನದು ಉರಿಯುವುದಿಲ್ಲ, ಮೇಲಿನದು ಇಂಜಿನ್ನಿನಲ್ಲಿ ಟಕಟಕ ಬಡಿತ (ನಾಕಿಂಗ್) ಕೊಡುತ್ತದೆ. ಒಮ್ಮೆ ಬೇರೆಯಾದರೆ ಪೂರ್ತಿ ಖಾಲಿ ಮಾಡಿಸುವುದೊಂದೇ ದಾರಿ.

## ಗಾಡಿ ನಿಂತಾಗ

ಬೈಪಾಸ್ ಮೇಲೆ ನಿಂತಿದೆ ಸರ್. ಈಗ ಏನು ಮಾಡಲಿ?

ಎಡಕ್ಕೆ ಸರಿಸಿ, ಹಜಾರ್ಡ್ ಲೈಟ್ ಹಾಕಿ, ಕೀ ಆಫ್ ಮಾಡಿ. ಆಫ್ ಅಂದರೆ ಪೂರ್ತಿ ಆಫ್. ಕೀ ಆನ್ ಮಾಡಿದರೆ ಸಾಕು, ಪೆಟ್ರೋಲ್ ಗಾಡಿಯಲ್ಲಿ ಟ್ಯಾಂಕಿನ ಪಂಪ್ ಓಡಿ ನೀರನ್ನು ಮುಂದಕ್ಕೆ ತಳ್ಳುತ್ತದೆ. ಗಾಡಿ ಟೋ ಮಾಡಿಸಿ. ತಳ್ಳಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು ಬೇಡವೇ ಬೇಡ. ಪೆಟ್ರೋಲ್ ಪಂಪಿನ ಬಿಲ್ ಇನ್ನೂ ಜೇಬಿನಲ್ಲಿದ್ದರೆ ಫೋಟೋ ತೆಗೆದುಕೊಳ್ಳಿ, ಆ ಕಾಗದದ ಅಕ್ಷರ ಬೇಗ ಮಾಸುತ್ತದೆ.

ನೀರು ಇದೆಯೋ ಇಲ್ಲವೋ ಅಂತ ಗ್ಯಾರೇಜಿನಲ್ಲಿ ಹೇಗೆ ನೋಡ್ತೀರಿ? ನನಗೂ ತೋರಿಸಿ.

ತೋರಿಸಲೇಬೇಕು. ನೀವೂ ಕೇಳಲೇಬೇಕು. ಟ್ಯಾಂಕ್ ಬಿಚ್ಚುವ ಮೊದಲು ಸ್ಯಾಂಪಲ್ ತೆಗೆಯದ ಮೆಕ್ಯಾನಿಕ್ ಅಂದಾಜಿನ ಮೇಲೆ ಕೆಲಸ ಮಾಡುತ್ತಿದ್ದಾನೆ ಎಂದೇ ಅರ್ಥ.

ಸ್ವಚ್ಛವಾದ, ಪೂರ್ತಿ ಒಣಗಿದ ಗಾಜಿನ ಬಾಟಲಿ ಬೇಕು. ಡೀಸೆಲ್ ಗಾಡಿಯಾದರೆ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಹಿಡಿಯುತ್ತೇವೆ. ಪೆಟ್ರೋಲ್ ಆದರೆ ಲೈನಿನ ಪ್ರೆಶರ್ ಇಳಿಸಿ ಪೈಪ್ ಬಿಚ್ಚಿ ತೆಗೆಯುತ್ತೇವೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಪೆಟ್ರೋಲ್ ಚಿಮ್ಮುತ್ತದೆ. ಸ್ಯಾಂಪಲ್ ತಳದ್ದೇ ಆಗಿರಬೇಕು. ಮೇಲಿನಿಂದ ತೆಗೆದರೆ ಒಳ್ಳೆ ಪೆಟ್ರೋಲೇ ಬರುತ್ತದೆ.

ಅರ್ಧ ಗಂಟೆ ಬಾಟಲಿ ಅಲುಗಾಡಿಸದೆ ಇಡಿ. ಆಮೇಲೆ ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸಿ. ಡೀಸೆಲ್‌ನಲ್ಲಿ ನೀರಿದ್ದರೆ ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ತಳದಲ್ಲಿ ಉರುಳಾಡುತ್ತದೆ. ನೀರು ಜಾಸ್ತಿ ಇದ್ದರೆ ಅಡ್ಡ ಗೆರೆ ಎಳೆದಂತೆ ಎರಡು ಪದರ ಕಾಣುತ್ತವೆ. ಎರಡು ಪದರವೂ ತಿಳಿಯಾಗಿದ್ದು ಅನುಮಾನ ಬಂದರೆ ಜಿಲೇಬಿಗೆ ಹಾಕುವ ಬಣ್ಣದ ಪುಡಿ ಒಂದು ಚಿಟಿಕೆ ಹಾಕಿ. ಬಣ್ಣ ನೀರಿನಲ್ಲಿ ಕರಗಿ ಹರಡುತ್ತದೆ. ಡೀಸೆಲ್ ಇದ್ದಲ್ಲಿ ಹರಳಾಗಿಯೇ ಉಳಿಯುತ್ತದೆ. ಆದರೆ ಬಣ್ಣ ಹಾಕುವ ಮೊದಲು ಇನ್ನೊಂದು ಬಾಟಲಿಯಲ್ಲಿ ಸ್ಯಾಂಪಲ್ ಎತ್ತಿಡಿ. ದೂರು ಕೊಡುವಾಗ ಬೇಕಾಗುತ್ತದೆ.

ಪೆಟ್ರೋಲ್‌ಗೆ ಸ್ವಲ್ಪ ನೀರು ಹಾಕಿ ಅಲುಗಾಡಿಸಿದೆ. ಕೆಳಗಿನ ನೀರು ಡಬಲ್ ಆಯಿತು! ಪಂಪಿನವರು ನೀರು ಬೆರೆಸಿದ್ದಾರೆ ಅಲ್ವಾ?

ಅಲ್ಲ. ಮೊಬೈಲ್ ವಿಡಿಯೋ ನೋಡಿ ಇದನ್ನು ಮಾಡಿ ಪಂಪಿನಲ್ಲಿ ಜಗಳಕ್ಕೆ ನಿಲ್ಲುವವರು ಬಹಳ. ನೀವು ಹಾಕಿದ ನೀರು ಪೆಟ್ರೋಲಿನ ಎಥೆನಾಲ್ ಅನ್ನು ಕೆಳಗೆ ಎಳೆದಿದೆ. 90 ಮಿಲಿ ಇ20ಯಲ್ಲಿ 18 ಮಿಲಿ ಎಥೆನಾಲ್ ಇರುತ್ತದೆ. ಅದಕ್ಕೆ 10 ಮಿಲಿ ನೀರು ಹಾಕಿದರೆ ಕೆಳಪದರ 25 ಮಿಲಿ ದಾಟುವುದು ಸಹಜ. ಇದರಿಂದ ಎಥೆನಾಲ್ ಎಷ್ಟಿದೆ ಅಂತ ಗೊತ್ತಾಗುತ್ತದೆ, ಮೊದಲೇ ನೀರಿತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಹೊರಗಿನ ನೀರು ಸೇರಿಸದೆ ಬಾಟಲಿಯಲ್ಲಿ ಇಟ್ಟಾಗ ಪದರ ಬಂದರೆ ಅದು ದೋಷ.

ಡೀಸೆಲ್ ಗಾಡಿಯ ಮೀಟರಿನಲ್ಲಿ ಹನಿ ಗುರುತಿನ ಹಳದಿ ಲೈಟ್ ಬಂದಿದೆ. ಗದಗ ಮುಟ್ಟಿಸಬಹುದಾ?

ಫಿಲ್ಟರಿನ ಬುಡದಲ್ಲಿ ನೀರು ಸೇರಿದೆ ಎಂದು ಆ ಲೈಟ್ ಹೇಳುತ್ತಿದೆ. ಫಿಲ್ಟರ್ ತನ್ನ ಕೆಲಸ ಮಾಡಿದೆ, ಜಾಗ ತುಂಬಿದೆ. ಅಣ್ಣಿಗೇರಿ ದಾಟುವಷ್ಟರಲ್ಲಿ ನೀರು ಹೈಪ್ರೆಶರ್ ಪಂಪಿಗೆ ಹೋದರೆ ನಿಮ್ಮ ಖರ್ಚು ಎಲ್ಲಿಗೋ ಹೋಗುತ್ತದೆ. ನಿಲ್ಲಿಸಿ.

ನೀರು ತೆಗೆಯುವುದು ಕಷ್ಟವಲ್ಲ. ಇಂಜಿನ್ ಆಫ್ ಮಾಡಿ, ಫಿಲ್ಟರ್ ಕೆಳಗೆ ಡಬ್ಬಿ ಇಟ್ಟು, ತಳದ ಸ್ಕ್ರೂ ಸಡಿಲಿಸಿ. ಮೊದಲು ನೀರು ಬರುತ್ತದೆ, ಆಮೇಲೆ ಮಬ್ಬು ಮಿಶ್ರಣ, ಆಮೇಲೆ ತಿಳಿ ಡೀಸೆಲ್. ತಿಳಿ ಬಂದ ಮೇಲೆ ಸ್ಕ್ರೂ ಬಿಗಿ ಮಾಡಿ. ಹ್ಯಾಂಡ್ ಪಂಪ್ ಇದ್ದರೆ ಗಟ್ಟಿ ಆಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಲೈಟ್ ಆರಿ ಒಂದೆರಡು ದಿನದಲ್ಲಿ ಮತ್ತೆ ಬಂದರೆ ನೀರು ಟ್ಯಾಂಕಿನಲ್ಲೇ ಇದೆ.

ಅಂಗಡಿಯಲ್ಲಿ ಸಿಗುವ ಆಡಿಟಿವ್ ಬಾಟಲಿ ಹಾಕಿದರೆ ಸಾಕಾಗಲ್ವಾ?

ಸಾಕಾಗುವುದಿಲ್ಲ. ಪೆಟ್ರೋಲ್‌ಗೆ ಬರುವ ಅಂಥ ಬಾಟಲಿಗಳಲ್ಲಿ ನೀರು ಕರಗಿಸಲು ಹೆಚ್ಚಾಗಿ ಇರುವುದು ಆಲ್ಕೋಹಾಲ್, ಎಥೆನಾಲ್ ಜಾತಿಯದೇ. ಇ20ಯಲ್ಲಿ ಅದು ಮೊದಲೇ ಲೀಟರ್‌ಗಟ್ಟಲೆ ಇದೆ. ಅದರಿಂದ ಕರಗದ ನೀರು ಒಂದು ಬಾಟಲಿಯಿಂದ ಕರಗುತ್ತದಾ? ಡೀಸೆಲ್‌ಗಂತೂ ನೀರನ್ನು ಕರಗಿಸಿ ಮುಂದೆ ಕಳಿಸುವ ಯಾವುದನ್ನೂ ಹಾಕಬೇಡಿ. ಫಿಲ್ಟರ್ ಹಿಡಿಯಬೇಕಾದ ನೀರು ಇಂಜೆಕ್ಟರ್‌ಗೇ ಹೋಗುತ್ತದೆ.

ಪೈಪ್ ಹಾಕಿ ಬಾಯಿಂದ ಎಳೆದು ನಾನೇ ತೆಗೀತೀನಿ, ಆಗಲ್ವಾ?

ದಯವಿಟ್ಟು ಬೇಡ. ಬಾಯಿಗೆ ಹೋದ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಈಗಿನ ಕಾರುಗಳಲ್ಲಿ ಮೇಲಿನಿಂದ ಪೈಪ್ ತಳಕ್ಕೆ ಹೋಗುವುದೂ ಇಲ್ಲ, ನಡುವೆ ತಡೆ ಇರುತ್ತದೆ. ಇನ್ನೂ ಒಂದು ಮಾತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಪಿಟ್ ಮೇಲೆ ನಿಲ್ಲಿಸಿ ಟ್ಯಾಂಕ್ ಬಿಚ್ಚುವ ಗ್ಯಾರೇಜ್ ಕಂಡರೆ ಗಾಡಿ ವಾಪಸ್ ತನ್ನಿ. ಬಯಲು ಜಾಗ, ಬ್ಯಾಟರಿ ನೆಗೆಟಿವ್ ಬಿಚ್ಚಿರಬೇಕು, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಬೇಕು.

ಹಳ್ಳ ಬಂದು ಗಾಡಿ ಅರ್ಧ ಮುಳುಗಿತ್ತು. ಟ್ಯಾಂಕಿಗೂ ನೀರು ಹೋಗಿರುತ್ತಾ?

ಹೋಗಿರಬಹುದು, ಆದರೆ ಅದು ಎರಡನೇ ಚಿಂತೆ. ಬೆಣ್ಣಿಹಳ್ಳ ತುಂಬಿ ಬಂದಾಗ, 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನೀರು ಕೊಣ್ಣೂರಿಗೆ ನುಗ್ಗಿದಂಥ ಹೊತ್ತಿನಲ್ಲಿ, ಮೊದಲು ನೋಡಬೇಕಾದದ್ದು ಏರ್ ಫಿಲ್ಟರ್. ಅದು ಒದ್ದೆ ಇದ್ದರೆ ಸಿಲಿಂಡರಿನೊಳಗೆ ನೀರು ಇರಬಹುದು. ನೀರನ್ನು ಒತ್ತಲು ಬರುವುದಿಲ್ಲ, ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟ್ಯಾಂಕಿಗೆ ಮುಚ್ಚಳಕ್ಕಿಂತ ಗಾಳಿ ಪೈಪಿನಿಂದ ನೀರು ಹೋಗುವ ಸಂಭವ ಜಾಸ್ತಿ. ಇಂಜಿನ್ ಆಯಿಲ್, ಗೇರ್ ಆಯಿಲ್, ಟ್ಯಾಂಕ್ ಮೂರನ್ನೂ ನೋಡದೆ ಅಂಥ ಗಾಡಿ ಚಾಲೂ ಮಾಡಬಾರದು.

ನಮ್ಮದು ಸಿಎನ್‌ಜಿ ಗಾಡಿ. ಪೆಟ್ರೋಲ್ ಬಳಸೋದೇ ಇಲ್ಲ. ಚಿಂತೆ ಇಲ್ಲ ಅಲ್ವಾ?

ನಿಮಗೇ ಸ್ವಲ್ಪ ಚಿಂತೆ ಇರಲಿ. ಹೆಚ್ಚಿನ ಸಿಎನ್‌ಜಿ ಕಾರುಗಳು ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗುತ್ತವೆ. ತಳದಲ್ಲಿ ಐದು ಲೀಟರ್ ಪೆಟ್ರೋಲ್ ತಿಂಗಳುಗಟ್ಟಲೆ ಕೂತು ತೇವ ಎಳೆದುಕೊಳ್ಳುತ್ತದೆ. ಆಗಾಗ ಪೆಟ್ರೋಲಿನಲ್ಲಿ ಓಡಿಸಿ ಖಾಲಿ ಮಾಡಿ, ಹೊಸದು ಹಾಕಿಸಿ.

ಬೈಕಿಗೂ ಇದೇನಾ?

ಇದೇ. ಬೈಕಿನ ಮುಚ್ಚಳ ನೇರವಾಗಿ ಮಳೆಗೆ ಒಡ್ಡಿಕೊಂಡಿರುವುದರಿಂದ ಅದರ ಸುತ್ತಲಿನ ತೂತನ್ನು ಇನ್ನೂ ಜಾಸ್ತಿ ನೋಡಿಕೊಳ್ಳಬೇಕು.

## ಪಂಪಿನವರ ಜೊತೆ ಮಾತು

ಹಾಕಿಸೋ ಮುಂಚೆ ಪಂಪಿನಲ್ಲೇ ಚೆಕ್ ಮಾಡಿಸಬಹುದಾ?

ಕೇಳುವ ಹಕ್ಕು ನಿಮಗಿದೆ. ಫಿಲ್ಟರ್ ಪೇಪರ್ ಟೆಸ್ಟ್, ಡೆನ್ಸಿಟಿ ಟೆಸ್ಟ್, 5 ಲೀಟರ್ ಅಳತೆ, ಮೂರನ್ನೂ ಪಂಪಿನವರು ಪುಕ್ಕಟೆ ಮಾಡಿ ತೋರಿಸಬೇಕು. ಆದರೆ ಫಿಲ್ಟರ್ ಪೇಪರ್ ಹಿಡಿಯುವುದು ಕಲಬೆರಕೆಯನ್ನು, ನೀರನ್ನಲ್ಲ. ಡೆನ್ಸಿಟಿಯನ್ನು 15 ಡಿಗ್ರಿಗೆ ಲೆಕ್ಕ ಹಾಕಿದಾಗ ಪಂಪಿನ ದಾಖಲೆಗಿಂತ ಘನ ಮೀಟರಿಗೆ 3 ಕೆಜಿಗೂ ಜಾಸ್ತಿ ವ್ಯತ್ಯಾಸ ಬಂದರೆ ಪ್ರಶ್ನೆ ಮಾಡಬೇಕು.

ನೀರಿಗೆ ಬೇರೆ ಪರೀಕ್ಷೆ ಇದೆ. ಅಳತೆ ಕೋಲಿಗೆ ಪೇಸ್ಟ್ ಹಚ್ಚಿ ನೆಲದ ಟ್ಯಾಂಕಿಗೆ ಇಳಿಸಿದರೆ ನೀರು ತಾಗಿದಷ್ಟು ಉದ್ದ ಪೇಸ್ಟಿನ ಬಣ್ಣ ಬದಲಾಗುತ್ತದೆ. ರಾತ್ರಿ ಜೋರು ಮಳೆ ಆಗಿದ್ದರೆ "ಬೆಳಿಗ್ಗೆ ನೀರು ಚೆಕ್ ಮಾಡಿದ್ದೀರಾ?" ಎಂದು ಸಮಾಧಾನವಾಗಿ ಕೇಳಿ. ಒಳ್ಳೆ ಪಂಪಿನವರು ಬೇಸರ ಮಾಡುವುದಿಲ್ಲ. ಟ್ಯಾಂಕರ್ ಖಾಲಿ ಮಾಡುತ್ತಿರುವಾಗ ಹಾಕಿಸಬೇಡಿ, ಆಗ ತಳದಲ್ಲಿದ್ದದ್ದು ಮೇಲೆ ಏಳುತ್ತದೆ.

ಪಂಪಿನವರು ಒಪ್ಪುತ್ತಿಲ್ಲ. "ನಿಮ್ಮ ಗಾಡಿದೇ ತೊಂದರೆ" ಅಂತಾರೆ.

ಸಿಟ್ಟು ಬರುವುದು ಸಹಜ, ಆದರೆ ಜಗಳದಿಂದ ದುಡ್ಡು ವಾಪಸ್ ಬರುವುದಿಲ್ಲ. ಬಿಲ್ ಇರಲಿ, ಇಲ್ಲದಿದ್ದರೆ ಯುಪಿಐ ದಾಖಲೆ ಇರಲಿ. ಯಾವ ನಾಝಲ್, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಅದೇ ದಿನ ಅದೇ ಪಂಪಿನಲ್ಲಿ ಹಾಕಿಸಿದ ಇನ್ನೂ ನಾಲ್ಕು ಗಾಡಿ ನಿಂತಿವೆಯಾ ಎಂದು ವಿಚಾರಿಸಿ. ಹಾಗಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಿಮ್ಮ ಬಾಟಲಿಯೊಂದನ್ನೇ ನಂಬಿ ಕೂಡಬೇಡಿ. ಪಂಪಿನ ಮ್ಯಾನೇಜರ್ ಎದುರಿಗೇ ಸ್ಯಾಂಪಲ್ ತೆಗೆದು, ಸೀಲ್ ಮಾಡಿ, ಇಬ್ಬರ ಸಹಿ ಹಾಕಿದರೆ ಅದರ ತೂಕವೇ ಬೇರೆ. ಮೆಕ್ಯಾನಿಕ್ ಏನು ಕಂಡ ಎಂಬುದನ್ನು ಬರೆಸಿ ಸಹಿ ಪಡೆಯಿರಿ.

ಆಮೇಲೆ ಪಂಪಿನ ದೂರು ಪುಸ್ತಕದಲ್ಲಿ ಬರೆಯಿರಿ. ಆಯಿಲ್ ಕಂಪನಿ ಅಧಿಕಾರಿಯ ನಂಬರ್ ಪಂಪಿನ ಬೋರ್ಡಿನಲ್ಲಿ ಇರುತ್ತದೆ, ಅವರಿಗೆ ತಿಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀ ಇಲ್ಲ, ವಕೀಲರಿಲ್ಲದೆ ನೀವೇ ಮಾತಾಡಬಹುದು. ಬೇಕೆಂದರೆ ಆಯೋಗವೇ ಸ್ಯಾಂಪಲ್ ಅನ್ನು ಲ್ಯಾಬಿಗೆ ಕಳಿಸುತ್ತದೆ.

ಎಲ್ಲ ಪಂಪಿನವರೂ ಮೋಸಗಾರರು ಎಂದು ನಾನು ಹೇಳುವುದಿಲ್ಲ. ಎಷ್ಟೋ ಸಲ ಅವರ ನೆಲದ ಟ್ಯಾಂಕಿನ ಮುಚ್ಚಳದ ಸಂದಿಯಿಂದ ಮಳೆನೀರು ಇಳಿದಿರುತ್ತದೆ, ಅವರಿಗೂ ಗೊತ್ತಿರುವುದಿಲ್ಲ. ಆದರೆ ಮಾರಿದ ಮೇಲೆ ಹೊಣೆ ಅವರದೇ.

ಇನ್ಶೂರೆನ್ಸ್ ಕೊಡ್ತಾರಾ?

ನೆರೆ ನೀರಿನಿಂದ ಹಾಳಾದರೆ ಫುಲ್ ಇನ್ಶೂರೆನ್ಸಿಗೆ ಅರ್ಜಿ ಹಾಕಬಹುದು. ಕೆಟ್ಟ ಎಣ್ಣೆಯಿಂದ ಇಂಜೆಕ್ಟರ್ ಹೋದರೆ ಸಾದಾ ಪಾಲಿಸಿಯಲ್ಲಿ ಸಿಗುವುದು ಕಷ್ಟ. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಇದ್ದರೆ ಅದರ ಷರತ್ತು ಓದಿ.

## ಸ್ವಲ್ಪ ಆಳದ ಪ್ರಶ್ನೆಗಳು

ಟ್ಯಾಂಕ್ ಖಾಲಿ ಮಾಡಿಸಿ ಹೊಸ ಪೆಟ್ರೋಲ್ ಹಾಕಿಸಿದೆ. ಮತ್ತೆ ಅದೇ ಜರ್ಕ್!

ನೀರು ಅಡಗಿ ಕೂಡುವ ಜಾಗ ಇನ್ನೂ ಇವೆ. ಟ್ಯಾಂಕಿನ ಪಂಪ್ ಒಂದು ಪ್ಲಾಸ್ಟಿಕ್ ಬಟ್ಟಲಿನೊಳಗೆ ಕೂತಿರುತ್ತದೆ. ಟ್ಯಾಂಕ್ ಒಣಗಿದರೂ ಆ ಬಟ್ಟಲಿನಲ್ಲಿ ನೀರು ಉಳಿಯುತ್ತದೆ. ಅದನ್ನು ಹೊರಗೆ ತೆಗೆದೇ ಸ್ವಚ್ಛ ಮಾಡಬೇಕು. ಅನೇಕ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕೂಡ ಅದರೊಳಗೇ ಇರುತ್ತದೆ. ಲೈನನ್ನೂ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪನ್ನೂ (ರೈಲ್) ಹೊಸ ಪೆಟ್ರೋಲಿನಿಂದ ತೊಳೆಯಬೇಕು. ಕೆಲವು ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ ಜಾಗ ಬಿಟ್ಟು ಟ್ಯಾಂಕಿಗೆ ಎರಡು ಹೊಟ್ಟೆ ಇರುತ್ತವೆ. ಒಂದು ಕಡೆ ಖಾಲಿ ಮಾಡಿ ಇನ್ನೊಂದು ಕಡೆ ಮರೆತರೆ ಎಲ್ಲ ಮೊದಲಿನಿಂದ. ಪಂಪ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಹೊಸದು ಹಾಕಿಸಿ, ಹಳೆಯದು ಉಬ್ಬಿರುತ್ತದೆ.

ಸ್ಕ್ಯಾನರ್ ಹಾಕಿದರೆ "ನೀರಿದೆ" ಅಂತ ಬರುತ್ತಾ?

ಸ್ಕ್ಯಾನರ್ ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುತ್ತದೆ. ನೀರಿನ ಸೆನ್ಸರ್ ಇರುವ ಡೀಸೆಲ್ ಗಾಡಿಯಲ್ಲಿ ಪಿ2269 ಎಂಬ ಕೋಡ್ ಬಂದರೆ ನೀರು ಎಂದೇ ಅರ್ಥ. ಪಿ2264 ಬಂದರೆ ಸೆನ್ಸರ್ ವೈರಿಂಗ್ ಕಡೆ ನೋಡಬೇಕು. ಪೆಟ್ರೋಲ್ ಗಾಡಿಯಲ್ಲಿ ಹಾಗೆ ನೇರ ಕೋಡ್ ಸಾಮಾನ್ಯವಾಗಿ ಇರುವುದಿಲ್ಲ. ಮಿಸ್‌ಫೈರಿನ ಪಿ0300, ಮಿಶ್ರಣ ತೆಳುವಾಗಿದೆ ಎನ್ನುವ ಪಿ0171 ಬರುತ್ತವೆ. ಇವನ್ನು ನೋಡಿ ಕಾಯಿಲ್, ಸೆನ್ಸರ್ ಬದಲಾಯಿಸಿ ದುಡ್ಡು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಸ್ಕ್ಯಾನರ್‌ಗಿಂತ ಬಾಟಲಿ ನಿಜ ಹೇಳುತ್ತದೆ.

ಹೊಲದ ಡ್ರಮ್ಮಿನ ಡೀಸೆಲ್ಲನ್ನೇ ಜೀಪಿಗೂ ಹಾಕ್ತೀವ್ರಿ. ಏನು ಜಾಗ್ರತೆ ಮಾಡಬೇಕು?

ನವಲಗುಂದ, ರೋಣದ ಕಡೆಯಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಡ್ರಮ್ ನಿಲ್ಲಿಸಿ ಇಟ್ಟರೆ ಅದರ ತಲೆ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ. ರಾತ್ರಿ ತಂಪಿಗೆ ಕುಗ್ಗಿ, ಮುಚ್ಚಳದ ಸಂದಿಯಿಂದ ಆ ನೀರನ್ನೇ ಒಳಗೆ ಹೀರುತ್ತದೆ. ಮುಚ್ಚಳ ಬಿಗಿ ಇದೆ ಎಂದು ಧೈರ್ಯ ಬೇಡ. ಡ್ರಮ್ ನೆರಳಿಗೆ ಇಡಿ. ಆಗದಿದ್ದರೆ ಎರಡು ಮುಚ್ಚಳವೂ ಸಮ ಎತ್ತರದಲ್ಲಿ ಅಡ್ಡ ಬರುವಂತೆ ಮಲಗಿಸಿ. ತೆಗೆಯುವ ಹಿಂದಿನ ದಿನದಿಂದ ಅಲುಗಾಡಿಸಬೇಡಿ. ಪೈಪನ್ನು ತಳದಿಂದ ನಾಲ್ಕು ಬೆರಳು ಮೇಲೆ ಹಿಡಿದು ತೆಗೆಯಿರಿ.

ಡೀಸೆಲ್ ಟ್ಯಾಂಕಿನೊಳಗೆ ಕಪ್ಪು ಲೋಳೆ ಸಿಕ್ಕಿದೆ. ಏನದು?

ಜೀವಾಣು. ಡೀಸೆಲ್ಲಿಗೂ ನೀರಿಗೂ ನಡುವಿನ ಗೆರೆಯಲ್ಲಿ ಬೆಳೆಯುತ್ತವೆ. ನೀರು ಇಲ್ಲದೆ ಅವು ಬದುಕುವುದಿಲ್ಲ. ತಿಂಗಳುಗಟ್ಟಲೆ ನೀರು ಉಳಿದ ಟ್ಯಾಂಕಿನಲ್ಲಿ ಮಾತ್ರ ಈ ಲೋಳೆ ಕಾಣುತ್ತದೆ, ಫಿಲ್ಟರ್ ಮೇಲಿಂದ ಮೇಲೆ ಕಟ್ಟುತ್ತದೆ. ಔಷಧಿ ಹಾಕಿದರೆ ಸಾಯುತ್ತವೆ, ಆದರೆ ಸತ್ತದ್ದೂ ಫಿಲ್ಟರಿಗೇ ಬಂದು ಬೀಳುತ್ತದೆ. ಟ್ಯಾಂಕ್ ಇಳಿಸಿ ತೊಳೆಯುವುದೇ ಸರಿ.

ಹೊರಗೆ ತೆಗೆದ ಪೆಟ್ರೋಲ್, ಡೀಸೆಲ್ ಏನು ಮಾಡಲಿ? ಚೆಲ್ಲೋಕೆ ಮನಸ್ಸು ಬರಲ್ಲ.

ಚೆಲ್ಲಬಾರದು ಕೂಡ. ಗಟಾರಕ್ಕೆ ಹಾಕಿದರೆ ಅದು ಉಣಕಲ್ ನಾಲಾಕ್ಕೋ ಯಾರದೋ ಬಾವಿಗೋ ಹೋಗುತ್ತದೆ. ಗಟಾರದಲ್ಲಿ ಆವಿ ತುಂಬಿ ಬೆಂಕಿ ಹತ್ತುವ ಭಯವೂ ಇದೆ. ಡೀಸೆಲ್ಲನ್ನು ಮುಚ್ಚಿದ ಕ್ಯಾನಿನಲ್ಲಿ ಎರಡು ದಿನ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಬಹುದು. ಅದನ್ನು ಹಳೆ ನೀರೆತ್ತುವ ಇಂಜಿನ್‌ಗೆ ಹಾಕಿ, ಹೊಸ ಡೀಸೆಲ್ ಕಾರಿಗೆ ಬೇಡ. ಪದರ ಒಡೆದ ಪೆಟ್ರೋಲ್ ಮತ್ತೆ ಯಾವ ಗಾಡಿಗೂ ಬೇಡ, ಒಲೆಗಂತೂ ಬೇಡವೇ ಬೇಡ. ತಳದ ನೀರನ್ನೂ ಆ ಪೆಟ್ರೋಲನ್ನೂ ಬಿಗಿಯಾದ ಕ್ಯಾನಿನಲ್ಲಿ, ಮೇಲೆ ಏನಿದೆ ಎಂದು ಬರೆದು, ಗ್ಯಾರೇಜಿಗೇ ಬಿಡಿ. ಹಳೆ ಇಂಜಿನ್ ಆಯಿಲ್ ಒಯ್ಯಲು ಲೈಸೆನ್ಸ್ ಇರುವವರು ಬಂದಾಗ ಅವರಿಗೆ ಹೇಳಿ ಬೇರೆಯಾಗಿಯೇ ಕೊಡಬೇಕು, ಆಯಿಲ್ ಜೊತೆ ಸುರಿದು ಕಳಿಸಬಾರದು.